ಲೀಡ್ಸ್ ಚಳಿಯಲ್ಲಿ ಮಲೆನಾಡಿನ ಹಿತ್ತಲು ಆಗುತ್ತದಾ?

ತುಂಗೆತಡಿ (ಲೀಡ್ಸ್)

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿ ಹೊಸದಾಗಿ ಮನೆ ತಗೊಂಡಿದ್ದೇವೆ. ಹಿಂದುಗಡೆ ಒಂದು ತುಂಡು ಜಾಗ ಇದೆ, ಉದ್ದ 12 ಮೀಟರ್, ಅಗಲ 7. ಈಗ ಅಲ್ಲಿರುವುದು ಹುಲ್ಲು, ಮೂರು ಕಡೆ ಹಲಗೆ ಬೇಲಿ, ಮೂಲೆಯಲ್ಲಿ ಒಂದು ಶೆಡ್. ಕಿಟಕಿಯಿಂದ ಒಂದು ಸಲ ನೋಡಿದರೆ ಎಲ್ಲ ಮುಗಿಯಿತು.

ನಾನು ತೀರ್ಥಹಳ್ಳಿ ಕಡೆಯವಳು. ಹಿತ್ತಲು ಅಂದರೆ ನನಗೆ ಬಾಳೆ, ಕೆಸು, ಡೇರೆ (ಡೇಲಿಯಾ) ಹೂ, ಒಂದರ ಮೈಮೇಲೆ ಇನ್ನೊಂದು. ಇಲ್ಲಿ ಅಂಥದ್ದು ಮಾಡೋಕೆ ಆಗುತ್ತದಾ? ಗ್ರೀನ್‌ಹೌಸ್ ಇಲ್ಲ, ಕಟ್ಟುವ ಯೋಚನೆಯೂ ಇಲ್ಲ. ಮಣ್ಣು ಅಂಟು, ಮಳೆ ಬಂದರೆ ನೀರು ನಿಲ್ಲುತ್ತದೆ. ಪಶ್ಚಿಮದಿಂದ ಗಾಳಿ ಜೋರು. ನಮ್ಮ ಯಜಮಾನರು "ಪ್ಲಾಸ್ಟಿಕ್ ಗಿಡ ತಂದು ನೆಡು, ಗಲಾಟೆನೇ ಇಲ್ಲ" ಅಂತ ನಗುತ್ತಾರೆ. ಈಗ ಫೆಬ್ರವರಿ. ಏನು ತರಲಿ, ಯಾವಾಗ ನೆಡಲಿ, ದಯವಿಟ್ಟು ಹೇಳಿ.

ಸಸೆಕ್ಸ್ ಸದಾಶಿವ

ಆಗುತ್ತದೆ ಅಕ್ಕ, ಚೆನ್ನಾಗೇ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಿಡ ಯಾವ ದೇಶದ್ದು ಅನ್ನೋದನ್ನು ಮರೆತುಬಿಡಿ, ಎಲೆ ನೋಡಿ. ಬಿಸಿ ನಾಡಿನ ತೋಟ ಅಂತ ನಮ್ಮ ಕಣ್ಣಿಗೆ ಅನಿಸೋದು ಎಲೆಯ ಅಗಲದಿಂದ, ಹೊಳಪಿನಿಂದ, ಒತ್ತೊತ್ತಾಗಿ ಇರುವುದರಿಂದ. ಅಂಥ ಎಲೆ ಬಿಡುವ ಗಿಡಗಳು ಚಳಿ ದೇಶಗಳಲ್ಲೂ ಬೇಕಾದಷ್ಟಿವೆ. ಜಪಾನಿನ ಫ್ಯಾಟ್ಸಿಯಾ ನೋಡಿ. ಅಂಗೈ ಬಿಚ್ಚಿದ ಆಕಾರದ ದಪ್ಪ ಹೊಳೆಯುವ ಎಲೆ, ವರ್ಷವಿಡೀ ಹಸಿರು, ಬೇಲಿಯ ನೆರಳಲ್ಲೂ ಬೆಳೆಯುತ್ತದೆ. ಇಲ್ಲಿನ ಆಫೀಸುಗಳ ಹಿಂದೆ ಕಸದ ಡಬ್ಬದ ಪಕ್ಕ ಯಾರೂ ನೋಡದೆ ಬದುಕಿರುತ್ತದೆ. ಅದನ್ನೇ ತಂದು ಪಾಮ್ ಪಕ್ಕದಲ್ಲಿ ನೆಟ್ಟರೆ ಯಾರೂ ಚಳಿ ನಾಡಿನ ಗಿಡ ಅನ್ನುವುದಿಲ್ಲ.

ನಮ್ಮ ಕೌಂಟಿಯಲ್ಲಿ ಗ್ರೇಟ್ ಡಿಕ್ಸ್‌ಟರ್ ಅಂತ ಒಂದು ತೋಟ ಇದೆ. ಆಗಿದ್ದರೆ ಆಗಸ್ಟ್ ಕೊನೆಗೆ ಬಂದು ನೋಡಿ. ನಮ್ಮ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಲಟ್ಯೆನ್ಸ್ ಅಲ್ಲಿ ಗುಲಾಬಿ ತೋಟ ವಿನ್ಯಾಸ ಮಾಡಿದ್ದರು. 1993ರಲ್ಲಿ ಮನೆಯ ಒಡೆಯ ಕ್ರಿಸ್ಟೊಫರ್ ಲಾಯ್ಡ್ ಮತ್ತು ಅವರ ಮುಖ್ಯ ತೋಟಗಾರ ಫರ್ಗಸ್ ಗ್ಯಾರೆಟ್ ಸೇರಿ ಆ ಗುಲಾಬಿಗಳನ್ನೆಲ್ಲ ಕಿತ್ತು ಬಾಳೆ, ಕಾಬಾಳೆ (ಕ್ಯಾನಾ), ಡೇರೆ ತುಂಬಿದರು. ಇಂಗ್ಲೆಂಡಿನಲ್ಲಿ ಗುಲಾಬಿ ಕಿತ್ತರೆ ಜನ ಸುಮ್ಮನಿರುತ್ತಾರಾ? ದೊಡ್ಡ ಗುಲ್ಲಾಯಿತು. ಈಗ ಅದನ್ನು ನೋಡೋಕೇ ಜನ ಬರುತ್ತಾರೆ. ಅಲ್ಲಿ ಒಳಗೆ ಹೋದರೆ ದಾರಿ ಕಾಣಿಸುವುದಿಲ್ಲ, ಎಲೆ ಸರಿಸಿಕೊಂಡು ನಡೆಯಬೇಕು. ಕೆಲವು ಎಲೆ ಮುಖಕ್ಕೇ ಬಡಿಯುತ್ತವೆ.

ಅದೇ ಉಪಾಯ ನಿಮ್ಮ 12 ಮೀಟರಿಗೂ ಆಗುತ್ತದೆ. ಎತ್ತರದ ಗಿಡ ಹಿಂದೆ, ಗಿಡ್ಡದ್ದು ಮುಂದೆ ಅನ್ನೋ ಇಲ್ಲಿನ ಪದ್ಧತಿ ಬಿಡಿ. ಒಂದೆರಡು ಎತ್ತರದ ಗಿಡ ಮನೆಯ ಹತ್ತಿರವೇ ಬರಲಿ. ದಾರಿ ಒಂದು ಕಡೆ ತಿರುಗಲಿ. ಶೆಡ್ ಮರೆಯಾಗಲಿ. ಬೇಲಿಗೆ ಕಪ್ಪು ಅಥವಾ ಗಾಢ ಬಣ್ಣ ಬಳಿದರೆ ಹಸಿರು ಎದ್ದು ಕಾಣುತ್ತದೆ, ಬೇಲಿ ಹಿಂದೆ ಸರಿದ ಹಾಗೆ ಅನಿಸುತ್ತದೆ. ಇದು ಅತಿ ಅಗ್ಗದ ಕೆಲಸ.

ಎಡಿನ್‌ಬರಾ ಭಟ್ಟ

ಸದಾಶಿವರೇ, ನೀವು ಸಸೆಕ್ಸ್‌ನಲ್ಲಿ ಕೂತು ಹೇಳೋದು ಸುಲಭ. ಲೀಡ್ಸ್ ನಿಮ್ಮ ಊರಿಗಿಂತ ನಮ್ಮ ಊರಿಗೆ ಹತ್ತಿರ. ತಂಗಿ, ಗಿಡ ಆರಿಸುವ ಮೊದಲು ಗಾಳಿಗೆ ಏನಾದರೂ ಮಾಡಿ.

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಇನ್ವರ್ಯೂ ಅಂತ ತೋಟ ಇದೆ. ಮಾಸ್ಕೋಗಿಂತಲೂ ಉತ್ತರಕ್ಕೆ. ಅಲ್ಲಿ ಟ್ರೀ ಫರ್ನ್, ಅಂದರೆ ಮರದಂಥ ಜರೀಗಿಡ, ಬೆಳೆಯುತ್ತದೆ! ಎಲ್ಲರೂ "ಅಟ್ಲಾಂಟಿಕ್ಕಿನ ಬೆಚ್ಚಗಿನ ಪ್ರವಾಹ" ಅಂತ ಹೇಳಿ ಮುಗಿಸುತ್ತಾರೆ. ಪ್ರವಾಹ ಇದೆ, ನಿಜ. ಆದರೆ 1862ರಲ್ಲಿ ಆಸ್ಗುಡ್ ಮೆಕೆಂಜಿ ಅಲ್ಲಿಗೆ ಬಂದಾಗ ಇದ್ದದ್ದು ಬರೀ ಬಂಡೆ, ಮರವೇ ಇಲ್ಲ. ಆತ ಬುಟ್ಟಿಯಲ್ಲಿ ಮಣ್ಣು ಹೊರಿಸಿದ. ಮೊದಲು ಗಾಳಿ ತಡೆಯಲು ಪೈನ್ ಮರಗಳ ಸಾಲು ನೆಟ್ಟ. ಅವು ಬೆಳೆಯುವವರೆಗೆ ವರ್ಷಗಟ್ಟಲೆ ಕಾದ. ಆಮೇಲೇ ಆ ಮೆದು ಗಿಡಗಳೆಲ್ಲ ಬಂದದ್ದು.

ನಿಮಗೆ ಪೈನ್ ಬೇಡ. ಹಲಗೆ ಬೇಲಿ ಗಾಳಿಯನ್ನು ತಡೆಯೋ ಹಾಗೆ ಕಾಣುತ್ತದೆ. ಆದರೆ ಗಾಳಿ ಅದರ ಮೇಲೆ ಹಾರಿ ಈಚೆ ಬಂದು ಸುಳಿ ತಿರುಗುತ್ತದೆ. ಅರ್ಧ ತೂತಿರುವ ತಡೆ ಒಳ್ಳೆಯದು. ಪಶ್ಚಿಮದ ಬೇಲಿ ಮೇಲೆ ಜಾಲರಿ ಏರಿಸಿ ಬಳ್ಳಿ ಹಬ್ಬಿಸಿ, ಇಲ್ಲವೇ ಬೇಲಿಯ ಒಳಗೆ ಗುಂಪು ಕಟ್ಟುವ ಬಿದಿರು ಹಾಕಿ. ಫಾರ್ಗೇಸಿಯಾ ಅಂತ ಕೇಳಿ ತಗೊಳ್ಳಿ. ಫಿಲ್ಲೊಸ್ಟಾಕಿಸ್ ಬೇಡ, ಅದರ ಬೇರು ಓಡುತ್ತದೆ. ಪಕ್ಕದ ಮನೆ ಲಾನ್‌ನಲ್ಲಿ ಕಳಲೆ ಎದ್ದರೆ ಅವರು ಅದನ್ನು ಪಲ್ಯ ಮಾಡುವುದಿಲ್ಲ, ವಕೀಲರ ಹತ್ತಿರ ಹೋಗುತ್ತಾರೆ.

ನಾರ್ವಿಚ್ ನಾಗಣ್ಣ

ಭಟ್ಟರು ಗಾಳಿ ಹೇಳಿದರು. ನಾನು ನೀರು ಹೇಳುತ್ತೇನೆ. ಈ ದೇಶದಲ್ಲಿ ಎಷ್ಟೋ ಗಿಡ ಸಾಯುವುದು ಬರೀ ಚಳಿಯಿಂದ ಅಲ್ಲ, ಚಳಿಯಲ್ಲಿ ಒದ್ದೆ ಕಾಲಲ್ಲಿ ನಿಂತು. ನವೆಂಬರಿನಿಂದ ಮಾರ್ಚ್‌ವರೆಗೆ ಗಿಡ ನೀರು ಕುಡಿಯುವುದು ಕಡಿಮೆ. ಮಣ್ಣು ಒಣಗುವುದೇ ಇಲ್ಲ. ಅಂಟುಮಣ್ಣಿನಲ್ಲಿ ಗೆಡ್ಡೆ ಕೊಳೆತು ಹೋಗುತ್ತದೆ. ಜನ ಮಾರ್ಚ್‌ನಲ್ಲಿ ಅಗೆದು ನೋಡಿ "ಫ್ರಾಸ್ಟ್ (ಹೆಪ್ಪುಗಟ್ಟಿಸುವ ಚಳಿ) ಹೊಡೆಯಿತು" ಅಂತಾರೆ.

ಅಡಿಕೆ ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತಾರೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಅದೇ ಲೆಕ್ಕ. ಹುಲ್ಲು ತೆಗೆದ ಮೇಲೆ ಗಿಡದ ಜಾಗವನ್ನು ಒಂದಡಿಯಷ್ಟು ಏರಿಸಿ. ಕೊಳೆತ ಗೊಬ್ಬರ, ಜೊತೆಗೆ ಒರಟು ಜಲ್ಲಿಮರಳು ಬೆರೆಸಿ. ಸಣ್ಣ ಗುಂಡಿ ತೆಗೆದು ಅದಕ್ಕೆ ಮಾತ್ರ ಒಳ್ಳೇ ಮಣ್ಣು ತುಂಬಬೇಡಿ. ಅಂಟುಮಣ್ಣಿನ ನಡುವೆ ಅದು ಬಾನಿ ಆಗಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಗಿಡದ ಚೀಟಿ ಮೇಲೆ ಎಚ್2, ಎಚ್3, ಎಚ್4 ಅಂತ ಬರೆದಿರುತ್ತದೆ. ಅದು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಚಳಿ ಲೆಕ್ಕ. ಎಚ್3 ಅಂದರೆ ಸುಮಾರು ಮೈನಸ್ 5 ಡಿಗ್ರಿವರೆಗೆ, ಎಚ್4 ಮೈನಸ್ 10, ಎಚ್5 ಮೈನಸ್ 15. ಲೀಡ್ಸ್‌ನಲ್ಲಿ ಹೊರಗೇ ಉಳಿಯಬೇಕಾದ ಗಿಡಕ್ಕೆ ಎಚ್4ಕ್ಕಿಂತ ಕೆಳಗೆ ಇಳಿಯಬೇಡಿ. ಎಚ್3 ಗಿಡ ಸಾಧಾರಣ ಚಳಿಗಾಲದಲ್ಲಿ ಉಳಿದು ಆಸೆ ಹುಟ್ಟಿಸುತ್ತದೆ, ಒಂದು ಕೆಟ್ಟ ವರ್ಷ ಬಂದಾಗ ಎಲ್ಲ ಹೋಗುತ್ತದೆ.

ಬರ್ಮಿಂಗ್‌ಹ್ಯಾಮ್ ಬಸು

ಎಲ್ಲರೂ ಆಸೆ ಹುಟ್ಟಿಸುತ್ತಿದ್ದೀರಿ, ನಾನು ಒಬ್ಬ ಕಡ್ಡಿ ಆಡಿಸುತ್ತೇನೆ. 2010ರ ಡಿಸೆಂಬರ್ ನೆನಪಿದೆಯಾ? ಈ ದೇಶದಲ್ಲಿ ಅಂಥ ಚಳಿಯ ಡಿಸೆಂಬರ್ ನೂರು ವರ್ಷದಲ್ಲಿ ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ಪ್ರತಿ ಮನೆ ಮುಂದೆ ಕಾರ್ಡಿಲೈನ್ ಇತ್ತು. ಪಾಮ್ ತರಹ ಕಾಣೋ ಆ ನ್ಯೂಜಿಲೆಂಡ್ ಗಿಡ. ಫೆಬ್ರವರಿಗೆ ಎಲ್ಲದರ ತಲೆ ಬಾಡಿ ಜೋತುಬಿತ್ತು, ಕಾಂಡ ಮೆತ್ತಗಾಯಿತು. ಕೆಲವು ಬುಡದಿಂದ ಚಿಗುರಿದವು, ಆದರೆ ಆಳೆತ್ತರದ ಗಿಡ ಹೋಗಿ ಪೊದೆ ಆಯಿತು.

ದ್ವೀಪದಲ್ಲೂ ಹೀಗೆ ಆಗಿದೆ. ಕಾರ್ನ್‌ವಾಲ್ ಆಚೆ ಸಿಲ್ಲಿ ದ್ವೀಪಗಳ ಟ್ರೆಸ್ಕೊ ತೋಟವನ್ನು 1834ರಲ್ಲಿ ಶುರು ಮಾಡಿದರು. ಫ್ರಾಸ್ಟ್ ಅನ್ನೋದೇ ಅಪರೂಪ ಅಲ್ಲಿ. 1987ರ ಜನವರಿಯಲ್ಲಿ ಹಿಮ ಬಿದ್ದು ಎಷ್ಟೋ ಗಿಡ ಸತ್ತವು. ಸುಧಾರಿಸಿಕೊಳ್ಳುವಷ್ಟರಲ್ಲಿ 1990ರ ಬಿರುಗಾಳಿ ಬಂದು ಗಾಳಿ ತಡೆಯುವ ಮರಗಳನ್ನೇ ಉರುಳಿಸಿತು. ಅಷ್ಟು ದುಡ್ಡು, ಅಷ್ಟು ಆಳು ಇರುವವರ ಗತಿ ಹೀಗೆ. ವಾರಪೂರ್ತಿ ಕೆಲಸಕ್ಕೆ ಹೋಗುವವರು ನವೆಂಬರಿನ ಕತ್ತಲಲ್ಲಿ ಟಾರ್ಚ್ ಹಿಡಿದು ಗಿಡಕ್ಕೆ ಸ್ವೆಟರ್ ಹಾಕಬೇಕಾ?

ಸಸೆಕ್ಸ್ ಸದಾಶಿವ

ಬಸು ಹೇಳೋದರಲ್ಲಿ ನಿಜ ಇದೆ. ಅದಕ್ಕೇ ಗಿಡಗಳನ್ನು ಎರಡು ಪಂಗಡ ಮಾಡಿಕೊಳ್ಳಬೇಕು. ಮುಕ್ಕಾಲು ಪಾಲು ಏನೂ ಹೊದಿಸದೆ ನಿಲ್ಲುವ ಗಿಡ ಇರಲಿ. ಅವೇ ತೋಟದ ಎಲುಬು. ಉಳಿದ ಕಾಲು ಪಾಲು ಬೇಸಿಗೆಯ ಹಬ್ಬ, ಗೆಡ್ಡೆ ಎತ್ತಿಡುವಂಥವು, ಇಲ್ಲವೇ ಬೀಜ ಹಾಕಿ ಬೆಳೆಸಿ ಅಕ್ಟೋಬರಿಗೆ ಕೈ ತೊಳೆದುಕೊಳ್ಳುವಂಥವು. ಕಾರ್ಡಿಲೈನ್ ಎಲುಬು ಅಂತ ನಂಬಿದ್ದೇ ಆ ಬೀದಿಯವರ ತಪ್ಪು.

ಎಲುಬಿಗೆ ನನ್ನ ಆಯ್ಕೆ ಹೇಳುತ್ತೇನೆ. ಪಾಮ್ ಬೇಕೇ ಬೇಕು ಅಂದರೆ ಟ್ರಾಕಿಕಾರ್ಪಸ್ ಒಂದೇ. ಮೈನಸ್ 10 ಬಂದರೂ ಅದಕ್ಕೆ ಏನೂ ಅನಿಸುವುದಿಲ್ಲ. ಚೀನಾದ ಗಿಡ. ಗಿಡ ಹುಡುಕುತ್ತಾ ಅಲೆಯುತ್ತಿದ್ದ ರಾಬರ್ಟ್ ಫಾರ್ಚೂನ್ 1849ರಲ್ಲಿ ಇಂಗ್ಲೆಂಡಿಗೆ ಕಳಿಸಿದ. ಅಲ್ಲಿನ ರೈತರು ಅದರ ನಾರಿನಿಂದ ಮಳೆಗೆ ಹೊದೆಯುವ ಗೊರಬೆಯಂಥದ್ದು ಮಾಡಿಕೊಳ್ಳುತ್ತಿದ್ದರು. ಮಳೆ ನಾಡಿನ ಗಿಡ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಗಾಳಿ ಜಾಸ್ತಿ ಇರುವಲ್ಲಿ ಅದರಲ್ಲೇ ವ್ಯಾಗ್ನೆರಿಯಾನಸ್ ಅನ್ನೋ ತಳಿ ನೋಡಿ. ಎಲೆ ಚಿಕ್ಕದು, ಗಟ್ಟಿ, ಗಾಳಿಗೆ ಹರಿಯುವುದಿಲ್ಲ.

ಆಮೇಲೆ ಪಾಲೋನಿಯಾ. ಇದು ನಿಜವಾಗಿ ದೊಡ್ಡ ಮರ. ಆದರೆ ಪ್ರತಿ ಮಾರ್ಚ್‌ನಲ್ಲಿ ಬುಡದ ಹತ್ತಿರ ಕಡಿದು, ಬರುವ ಚಿಗುರಿನಲ್ಲಿ ಒಂದನ್ನೇ ಬಿಟ್ಟರೆ ಬೇಸಿಗೆಯೊಳಗೆ ಆಳೆತ್ತರ ಮೀರಿ ಬೆಳೆದು ಮೊರದಗಲದ ಎಲೆ ಬಿಡುತ್ತದೆ. ಹೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನೋಡಿದವರು ಯಾವ ಕಾಡಿನಿಂದ ತಂದಿರಿ ಅಂತ ಕೇಳುತ್ತಾರೆ. ಲೊಕಾಟ್ ಗಿಡವೂ ಒಳ್ಳೆಯದು, ಹಣ್ಣಿನ ಆಸೆ ಬಿಟ್ಟು ಎಲೆಗಾಗಿ ಇಟ್ಟುಕೊಳ್ಳಿ. ನೆಲಕ್ಕೆ ಹೋಸ್ಟಾ, ರಾಜರ್ಸಿಯಾ, ಫರ್ನ್‌ಗಳು. ಟೆಟ್ರಾಪ್ಯಾನಾಕ್ಸ್ ಅಂತ ಒಂದಿದೆ, ಅದರ ಎಲೆ ಎಲ್ಲಕ್ಕಿಂತ ಭರ್ಜರಿ. ಆದರೆ ಎಲೆಯ ಮೇಲಿನ ಪುಡಿ ಗಂಟಲಿಗೆ ಹೋದರೆ ಕೆಮ್ಮು ನಿಲ್ಲುವುದಿಲ್ಲ, ಬೇರಿನಿಂದ ಮರಿಗಳೂ ದೂರದೂರ ಏಳುತ್ತವೆ. ಮಕ್ಕಳಿರುವ ಸಣ್ಣ ಜಾಗಕ್ಕೆ ನಾನಂತೂ ಬೇಡ ಅನ್ನುತ್ತೇನೆ.

ತುಂಗೆತಡಿ (ಲೀಡ್ಸ್)

ಎಷ್ಟೊಂದು ವಿಷಯ! ಎಲ್ಲ ಬರೆದುಕೊಂಡೆ. ಬಾಳೆ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನನಗೆ ಬಾಳೆ ಇಲ್ಲದಿದ್ದರೆ ಹಿತ್ತಲೇ ಅಲ್ಲ. ಚಳಿಗಾಲದಲ್ಲಿ ಅದನ್ನು ಏನು ಮಾಡುತ್ತೀರಿ?

ನಾರ್ವಿಚ್ ನಾಗಣ್ಣ

ಜಪಾನ್ ಬಾಳೆ ಅಂತ ಕರೆಯುವ ಮ್ಯೂಸಾ ಬಸ್ಜೂ ತಗೊಳ್ಳಿ. ಹೆಸರು ಜಪಾನಿನದು, ಹುಟ್ಟು ಚೀನಾದ್ದು. ಸೂಪರ್‌ಮಾರ್ಕೆಟ್‌ನಲ್ಲಿ ಮಾರುವ ಕುಂಡದ ಗಿಡ್ಡ ಬಾಳೆ ಬೇಡ, ಅದು ಮನೆಯೊಳಗಿನ ಗಿಡ. ಬಸ್ಜೂ ಕಾಯಿ ಬಿಟ್ಟರೂ ಬರೀ ಬೀಜ, ತಿನ್ನೋಕಾಗುವುದಿಲ್ಲ. ಊಟದ ಎಲೆಗೆ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಯುಗಾದಿಗೆ ಎಲೆ ಇರುವುದಿಲ್ಲ, ಗಣೇಶನ ಹಬ್ಬಕ್ಕೆ ಸರಿಯಾಗಿ ಇರುತ್ತದೆ. ಗಾಳಿಗೆ ಸೀಳದ ಎಲೆ ಸಿಗುವುದು ಮಾತ್ರ ಅದೃಷ್ಟ.

ಮೊದಲ ಫ್ರಾಸ್ಟ್ ಬಿದ್ದ ಮರುದಿನ ಎಲೆಗಳೆಲ್ಲ ಕಪ್ಪಾಗಿ ದಿಂಡಿಗೆ ಜೋತುಬೀಳುತ್ತವೆ. ಗಾಬರಿ ಬೇಡ. ಆಗಲೇ ಕೆಲಸ ಶುರು. ಎಲೆಗಳನ್ನು ತೊಟ್ಟಿನ ಹತ್ತಿರ ಕತ್ತರಿಸಿ. ದಿಂಡನ್ನು ಎದೆಯೆತ್ತರಕ್ಕೆ ಉಳಿಸಿಕೊಳ್ಳಿ. ಕತ್ತರಿಸಿದ ಕಡೆ ಬಾಳೆದಿಂಡಿನ ಪದರ ಪದರ ಕಾಣುತ್ತದೆ, ನೀರು ಜಿನುಗುತ್ತದೆ, ಕೈಗೆ ಅದೇ ಕಲೆ. ಸುತ್ತ ನಾಲ್ಕು ಗೂಟ ಹೊಡೆದು ಕೋಳಿ ಬಲೆಯ ತಂತಿ ಸುತ್ತಿ. ತಂತಿಗೂ ದಿಂಡಿಗೂ ನಡುವೆ ಒಂದು ಗೇಣಿನಷ್ಟು ಜಾಗ ಇರಲಿ, ಅದರೊಳಗೆ ಒಣಹುಲ್ಲು ಸಡಿಲವಾಗಿ ತುಂಬಿ. ಒತ್ತಬೇಡಿ. ಬೆಚ್ಚಗಿಡುವುದು ಹುಲ್ಲಿನ ನಡುವಿನ ಗಾಳಿ. ಮೇಲೆ ಮಳೆ ಬೀಳದ ಹಾಗೆ ಒಂದು ಮುಚ್ಚಳ, ಹಳೇ ಬಕೆಟ್ ಆದರೂ ಸರಿ. ಸುತ್ತಲೂ ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ. ಒಳಗೆ ಬೆವರಿ ದಿಂಡು ಕೊಳೆಯುತ್ತದೆ. ಬುಡದಲ್ಲಿ ತರಗೆಲೆ ಒಂದಡಿ ಹೇರಿ.

ಏಪ್ರಿಲ್‌ನಲ್ಲಿ ಬಿಚ್ಚಿದಾಗ ತುದಿ ಲೊಳಲೊಳ ಅನ್ನಿಸಿದರೆ ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕೊಯ್ಯುತ್ತಾ ಬನ್ನಿ. ಹಾಗೇ ಬಿಟ್ಟು ಊರಿಗೆ ಹೋದರೆ ಕೊಳೆ ಕೆಳಗೆ ಇಳಿಯುತ್ತದೆ. ಕೊಯ್ದ ಮೇಲೆ ನಡುವಿನಿಂದ ಸುರುಳಿ ಎಲೆ ಏಳುತ್ತದೆ.

ಬಸುಗೆ ಒಂದು ಮಾತು. ಹೊದಿಸೋಕೆ ಬೇಜಾರು ಅನಿಸಿದವರು ದಿಂಡಿನ ಆಸೆ ಬಿಟ್ಟು ಬುಡಕ್ಕೆ ಮಾತ್ರ ತರಗೆಲೆ ಹಾಕಬಹುದು. ಗೆಡ್ಡೆ ಉಳಿಯುತ್ತದೆ, ಕಂದು (ಮರಿಗಿಡ) ಬರುತ್ತದೆ. ಗಿಡ ಅಷ್ಟು ಎತ್ತರ ಆಗುವುದಿಲ್ಲ, ಅಷ್ಟೇ. ಟಾರ್ಚೂ ಬೇಡ, ಸ್ವೆಟರೂ ಬೇಡ.

ಬರ್ಮಿಂಗ್‌ಹ್ಯಾಮ್ ಬಸು

ಹಾಗಾದರೆ ಒಪ್ಪುತ್ತೇನೆ. ಮತ್ತೆ ಆ ಕೆಂಪು ಬಾಳೆ? ಗಾರ್ಡನ್ ಸೆಂಟರ್‌ಗಳಲ್ಲಿ ಎಲ್ಲ ಕಡೆ ಅದೇ ಕಾಣುತ್ತದೆ. ಅದಕ್ಕೂ ಇದೇ ಕಥೆಯಾ?

ಸಾಗರದ ಸಾವಿತ್ರಕ್ಕ

ನಾನು ಊರಲ್ಲೇ ಇರುವವಳು. ಮಗಳು ಬ್ರಿಸ್ಟಲ್‌ನಲ್ಲಿ ಇದ್ದಾಳೆ, ವರ್ಷಕ್ಕೊಮ್ಮೆ ಹೋಗಿ ಅವಳ ಗಿಡ ನೋಡಿ ಬರುತ್ತೇನೆ. ಬಸು ಕೇಳಿದ್ದು ಎನ್ಸೆಟೆ ಇರಬೇಕು. ಇಥಿಯೋಪಿಯಾದ ಕಡೆ ಅದರ ಗೆಡ್ಡೆ, ದಿಂಡು ಜನರ ಊಟ. ಅದರ ನೆಂಟ ನಮ್ಮಲ್ಲೂ ಇದೆ. ಘಟ್ಟದ ಬಂಡೆ ಸಂದಿಯ ಕಲ್ಲುಬಾಳೆ! ಮಳೆ ಶುರುವಾದಾಗ ಎದ್ದು ಬರುತ್ತದೆ, ಮಳೆ ಹೋದ ಮೇಲೆ ಎಲೆ ಒಣಗಿ ಬಿದ್ದು ಬರೀ ದಪ್ಪ ಬುಡ ಬಂಡೆ ಮೇಲೆ ಕೂತಿರುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ.

ಕೆಂಪು ಎನ್ಸೆಟೆಗೂ ಮಗಳು ಅದೇ ಉಪಚಾರ ಮಾಡುತ್ತಾಳೆ. ಇದಕ್ಕೆ ಬಸ್ಜೂ ತರಹ ಕಂದು ಬರುವುದಿಲ್ಲ, ಫ್ರಾಸ್ಟ್ ಒಳಗೆ ಹೋದರೆ ಗಿಡ ಮುಗಿಯಿತು. ಅದಕ್ಕೆ ಅಕ್ಟೋಬರಿನಲ್ಲಿ, ಫ್ರಾಸ್ಟ್ ಬೀಳುವ ಮೊದಲೇ ಕೀಳಬೇಕು. ನಡುವಿನ ಸುರುಳಿ ಎಲೆ ಒಂದು ಬಿಟ್ಟು ಎಲ್ಲ ಎಲೆ ಕತ್ತರಿಸಿ, ಮಣ್ಣು ಉದುರಿಸಿ, ಕೆಲವು ದಿನ ತಲೆಕೆಳಗಾಗಿ ನಿಲ್ಲಿಸಬೇಕು. ತೊಟ್ಟಿನ ಸಂದಿಯಲ್ಲಿ ತುಂಬಿದ ನೀರು ಇಳಿಯಲಿ ಅಂತ. ಆಮೇಲೆ ಫ್ರಾಸ್ಟ್ ತಾಕದ ಕಡೆ ಒಣಗಲು ಬಿಟ್ಟರೆ ಆಯಿತು. ನೀರು ಹಾಕಲೇಬಾರದು.

ಡೇರೆ ಬಗ್ಗೆ ನಾನು ಹೇಳದೆ ಇನ್ಯಾರು ಹೇಳಬೇಕು? ನಮ್ಮಲ್ಲಿ ಡೇರೆ ಮಳೆಗಾಲದ ಹೂ. ಗೆಡ್ಡೆ ಕೊಡು ಕೊಳ್ಳು ಇಲ್ಲದ ಮನೆ ಇಲ್ಲ. ನಿಮ್ಮಲ್ಲಿ ಅದು ಬೇಸಿಗೆಯ ಹೂ, ಜುಲೈನಿಂದ ಫ್ರಾಸ್ಟ್ ಬೀಳುವವರೆಗೂ ಬಿಡುತ್ತದೆ. ಹೇಗೂ ಹೂವಿನ ಮೂಲ ಮೆಕ್ಸಿಕೋ ಬೆಟ್ಟಗಳದ್ದು, ತಂಪು ಅಂದರೆ ಅದಕ್ಕೆ ಇಷ್ಟ. ಮಗಳ ಹತ್ತಿರ ಬಿಷಪ್ ಆಫ್ ಲ್ಯಾಂಡಾಫ್ ಅಂತ ಇದೆ. ಕಡುಕೆಂಪು ಹೂ, ಎಲೆ ಕಪ್ಪುನೇರಳೆ. ಕಾರ್ಡಿಫ್‌ನಲ್ಲಿ ತಯಾರಾದ ತಳಿಯಂತೆ. ಎಲೆಗೇ ಅದನ್ನು ಬೆಳೆಸಬಹುದು. ಗೆಡ್ಡೆ ಕಿತ್ತು ಒಣಗಿಸಿ ಎತ್ತಿಡಿ, ಅಟ್ಟದ ಮೇಲೆ ಇಟ್ಟ ಹಾಗೆ. ಕಾಬಾಳೆ ಗೆಡ್ಡೆ ಮಾತ್ರ ಅಷ್ಟು ಒಣಗಬಾರದು, ಸ್ವಲ್ಪ ತೇವದ ಮಣ್ಣಿನಲ್ಲಿ ಹೂತು ಇಡಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಒಂದನ್ನು ಕಳೆದುಕೊಳ್ಳುವವರೇ ಜಾಸ್ತಿ.

ತುಂಗೆತಡಿ (ಲೀಡ್ಸ್)

ಸಾವಿತ್ರಕ್ಕ, ಓದಿ ಖುಷಿಯಾಯಿತು. ಕೆಸು ಗೆಡ್ಡೆ ಇಲ್ಲಿನ ಏಷ್ಯನ್ ಅಂಗಡಿಯಲ್ಲಿ ಅರ್ವಿ ಅಂತ ಸಿಗುತ್ತದೆ. ಅದನ್ನೇ ನೆಡಬಹುದಾ? ಪತ್ರೊಡೆಗೂ ಆಯಿತು, ತೋಟಕ್ಕೂ ಆಯಿತು ಅಂತ ಲೆಕ್ಕ ಹಾಕುತ್ತಿದ್ದೇನೆ. ಹಾಗೇ ಸುರುಳಿ ಸುಗಂಧಿ?

ಸಸೆಕ್ಸ್ ಸದಾಶಿವ

ನೆಡಬಹುದು. ಮೊಳಕೆ ತುದಿ ಗುಲಾಬಿಯಾಗಿ ಉಬ್ಬಿರುವ ಗೆಡ್ಡೆ ಆರಿಸಿ. ಮಾರ್ಚ್‌ನಲ್ಲಿ ಕುಂಡಕ್ಕೆ ಹಾಕಿ ಮನೆಯೊಳಗೆ ಬೆಚ್ಚಗೆ ಇಡಿ. ಇಲ್ಲಿನ ನೆಲ ಬಿಸಿಯಾಗುವುದು ಜೂನ್‌ಗೆ, ಅಲ್ಲಿವರೆಗೆ ನೆಲದಲ್ಲಿ ಅದು ಅಲುಗುವುದಿಲ್ಲ. ಹೊರಗೆ ಇಟ್ಟ ಮೇಲೆ ಕುಂಡವನ್ನು ನೀರಿನ ತಟ್ಟೆಯಲ್ಲೇ ನಿಲ್ಲಿಸಿ. ಬೇಸಿಗೆಯಲ್ಲಿ ಅದಕ್ಕೆ ಎಷ್ಟು ನೀರು ಕೊಟ್ಟರೂ ಕಡಿಮೆ. ಅಂದಕ್ಕೆ ಅಂತ ಮಾರುವ ಕಪ್ಪೆಲೆಯ ತಳಿಗಳನ್ನು ಪತ್ರೊಡೆಗೆ ಹಾಕಬೇಡಿ, ಯಾವುದು ಎಷ್ಟು ತುರಿಸುತ್ತದೋ ಹೇಳೋಕಾಗಲ್ಲ.

ಬಿಳಿ ಸುರುಳಿ ಸುಗಂಧಿ ಇಲ್ಲಿ ಬದುಕಿಸಬಹುದು, ಆದರೆ ಹೂ ಬಿಡುವ ಹೊತ್ತಿಗೆ ಚಳಿ ಬಂದಿರುತ್ತದೆ. ಅದರ ಬದಲು ಅದೇ ಕುಲದ, ಹಿಮಾಲಯ ಕಡೆಯ ಹೆಡಿಕಿಯಂ ಡೆನ್ಸಿಫ್ಲೋರಂ ಹಾಕಿ. ಅಸ್ಸಾಂ ಆರೆಂಜ್ ಅನ್ನೋ ತಳಿಯನ್ನು ಗಿಡ ಸಂಗ್ರಹಿಸುತ್ತಿದ್ದ ಕಿಂಗ್ಡನ್ ವಾರ್ಡ್ 1938ರಲ್ಲಿ ಅಸ್ಸಾಮಿನಿಂದ ತಂದದ್ದು. ಕಿತ್ತಳೆ ಬಣ್ಣದ ಹೂ, ಬೇಗ ಬಿಡುತ್ತದೆ. ಚಳಿಗಾಲದಲ್ಲಿ ಬುಡದ ಮೇಲೆ ತರಗೆಲೆ ಸಾಕು. ಕಾಟ್ಲಿಯಾ ಅಂತ ಹಿಮಾಲಯದ ಇನ್ನೊಂದು ಶುಂಠಿ ಜಾತಿ ಇದೆ, ಅದಂತೂ ಇನ್ನೂ ಗಟ್ಟಿ. ಕಾಟ್ಲಿಯಾ, ಕ್ಯಾಟ್ಲಿಯಾ ಅಂತ ಗೊಂದಲ ಬೇಡ, ಕ್ಯಾಟ್ಲಿಯಾ ಆರ್ಕಿಡ್.

ವ್ಯಾಂಕೂವರ್ ವಿಶ್ವ

ನಮ್ಮಲ್ಲೂ ಇದೇ ಹವೆ. ಇಂಗ್ಲಿಷ್ ಬೇ ದಂಡೆಯಲ್ಲಿ ಪಾಲಿಕೆಯವರೇ ಟ್ರಾಕಿಕಾರ್ಪಸ್ ನೆಟ್ಟಿದ್ದಾರೆ. ಹಿಂದೆ ಹಿಮದ ಬೆಟ್ಟ, ಮುಂದೆ ಪಾಮ್. ಪ್ರವಾಸಿಗಳು ನಿಂತು ಫೋಟೋ ತೆಗೆಯುತ್ತಾರೆ. ನಾನು ಬರೀ ಒಂದು ಸೇರಿಸುತ್ತೇನೆ: ಚಿಕ್ಕ ಪಾಮ್ ತಗೊಳ್ಳಿ. ದೊಡ್ಡದಕ್ಕೆ ದುಡ್ಡು ಸುರಿದರೆ ಅದು ಬೇರು ಹಿಡಿಯೋಕೆ ಒದ್ದಾಡುತ್ತದೆ, ಚಿಕ್ಕದು ಅಷ್ಟರಲ್ಲಿ ಬೆಳೆದು ಮುಂದೆ ಹೋಗಿರುತ್ತದೆ. ಏಪ್ರಿಲ್, ಮೇ ಒಳಗೆ ನೆಡಿ. ಶರತ್ಕಾಲದಲ್ಲಿ ನೆಟ್ಟರೆ ಬೇರು ಬಿಡುವ ಮೊದಲೇ ಚಳಿ.

ಹಸಿರುಮನೆ (ಶೆಫೀಲ್ಡ್)

ನನ್ನ ತಕರಾರು ಬೇರೆ. ಇಲ್ಲಿನ ಹಕ್ಕಿಗೆ, ಜೇನಿಗೆ ಬಾಳೆ, ಪಾಮ್‌ನಿಂದ ಏನು ಸಿಗುತ್ತದೆ? ಊರಿನ ನೆನಪಿಗೋಸ್ಕರ ಇಲ್ಲಿನ ಜೀವಕ್ಕೆ ಕೂಳಿಲ್ಲದ ತೋಟ ಮಾಡೋದು ಸರಿಯಾ? ಇಲ್ಲಿಯ ಹಾಥಾರ್ನ್, ಹೇಝೆಲ್ ಬೇಲಿ ಹಾಕಿ ಅನ್ನೋದು ನನ್ನ ಮಾತು.

ಎಡಿನ್‌ಬರಾ ಭಟ್ಟ

ತಕರಾರು ಒಳ್ಳೆಯದೇ. ಪಶ್ಚಿಮದ ಗಾಳಿಗೆ ಹಾಥಾರ್ನ್ ಬೇಲಿ ಹಾಕಿದರೆ ಬಿದಿರಿಗಿಂತ ಚೆನ್ನಾಗಿ ತಡೆಯುತ್ತದೆ, ಹಕ್ಕಿಗೂ ಹಣ್ಣು. ಮತ್ತೆ ಈ ಹೊರಗಿನ ಗಿಡಗಳೂ ಪೂರ್ತಿ ಬರಡಲ್ಲ. ಫ್ಯಾಟ್ಸಿಯಾ ಹೂ ಬಿಡುವುದು ಅಕ್ಟೋಬರ್, ನವೆಂಬರಿನಲ್ಲಿ. ಆ ಹೊತ್ತಿಗೆ ಬೇರೆ ಹೂ ಬಹಳ ಕಡಿಮೆ. ಬಿಸಿಲು ಬಂದ ದಿನ ಆ ಬಿಳಿ ಚೆಂಡುಗಳ ಮೇಲೆ ಜೇನು, ಕಣಜ, ನೊಣ ಎಲ್ಲ ಮುತ್ತಿಕೊಂಡಿರುತ್ತವೆ. ಡೇರೆಯಲ್ಲಿ ಒತ್ತು ಪಕಳೆಯದು ಬಿಟ್ಟು ನಡುವಿನ ಹಳದಿ ಕಾಣುವಂಥದ್ದು ಹಾಕಿದರೆ ಜೇನಿಗೆ ಊಟ. ನಿಜಕ್ಕೂ ಏನೂ ಕೊಡದೆ ಇದ್ದದ್ದು ಈಗಿರುವ ಹುಲ್ಲು.

ಬರ್ಮಿಂಗ್‌ಹ್ಯಾಮ್ ಬಸು

ಕಾನೂನಿನ ಮಾತೂ ಬರಲಿ. ಯಾರಾದರೂ ಗನ್ನೆರಾ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಕೊಡೆಯಷ್ಟು ದೊಡ್ಡ ಎಲೆ, ಆಸೆ ಆಗುತ್ತದೆ. ಆದರೆ ಟಿಂಕ್ಟೋರಿಯಾ ಅನ್ನೋ ಜಾತಿ ಮಾರುವುದೂ ಬೆಳೆಸುವುದೂ ಇಲ್ಲಿ ನಿಷಿದ್ಧ. ಮ್ಯಾನಿಕಾಟಾ ಅಂತ ಹೆಸರಿಟ್ಟು ಇಷ್ಟು ವರ್ಷ ಮಾರಿದ್ದೆಲ್ಲ ಹೆಚ್ಚುಕಡಿಮೆ ಅದರ ಮಿಶ್ರತಳಿ ಅಂತ 2023ರಲ್ಲಿ ಗೊತ್ತಾಯಿತು, ಅದಕ್ಕೂ ಅದೇ ನಿಯಮ.

ಸ್ಲಗ್‌ಗೆ (ಚಿಪ್ಪಿಲ್ಲದ ಬಸವನಹುಳ) ಹಾಕುವ ಹಳೇ ನೀಲಿ ಗುಳಿಗೆ ಶೆಡ್‌ನಲ್ಲಿ ಸಿಕ್ಕರೆ ಬಳಸಬೇಡಿ. ಮೆಟಾಲ್ಡಿಹೈಡ್ ಇರುವುದನ್ನು 2022ರ ಮಾರ್ಚ್ ಕೊನೆಯಿಂದ ನಿಲ್ಲಿಸಿದ್ದಾರೆ. ಫೆರಿಕ್ ಫಾಸ್ಫೇಟ್ ಇರುವುದು ಸಿಗುತ್ತದೆ. ಡೇರೆ ಚಿಗುರು, ಹೋಸ್ಟಾ ಅಂದರೆ ಸ್ಲಗ್‌ಗಳಿಗೆ ಮದುವೆ ಊಟ. ಡೇರೆಯನ್ನು ಕುಂಡದಲ್ಲೇ ಗೇಣುದ್ದ ಬೆಳೆಸಿ ಆಮೇಲೆ ನೆಲಕ್ಕೆ ಇಳಿಸಿ. ಮಕ್ಕಳಿದ್ದರೆ ಇನ್ನೊಂದು: ಇಲ್ಲಿನ ಜನ ಔಡಲವನ್ನು ಅಂದಕ್ಕೆ ಬೆಳೆಸುತ್ತಾರೆ, ಕೆಂಪೆಲೆಯದು. ನಮ್ಮೂರಲ್ಲಿ ಬೇಲಿ ಬದಿ ತಾನಾಗಿ ಏಳುವ ಗಿಡದ ಬೀಜವನ್ನು ಪೊಟ್ಟಣ ಕಟ್ಟಿ ಮಾರುವುದು ನೋಡಿ ನಗು ಬರುತ್ತದೆ. ಬೀಜ ವಿಷ. ಕಾಯಿ ಕಟ್ಟುವ ಮೊದಲೇ ಗೊನೆ ಚಿವುಟಿಬಿಡಿ.

ಮಿಲ್ಟನ್ ಕೀನ್ಸ್ ಮಂಜುಳಾ

ಎಲ್ಲ ಓದಿದೆ. ಕರಿಬೇವು ಹೊರಗೆ ಉಳಿಯುತ್ತದಾ?

ನಿರ್ವಾಹಕ

ಉಳಿಯುವುದಿಲ್ಲ. ಕರಿಬೇವಿಗೆ ಪ್ರತ್ಯೇಕ ಚರ್ಚೆ ಇದೆ, ಬಹಳ ಉದ್ದ ಇದೆ, ಜಗಳವೂ ಇದೆ. ದಯವಿಟ್ಟು ಅಲ್ಲಿಗೆ ಬನ್ನಿ.

ತುಂಗೆತಡಿ (ಲೀಡ್ಸ್)

ಸರಿ, ಯೋಜನೆ ಬರೆದಿದ್ದೇನೆ. ಈ ತಿಂಗಳು ಹುಲ್ಲು ತೆಗೆದು ಮಣ್ಣು ಏರಿಸುವುದು, ಬೇಲಿಗೆ ಕಪ್ಪು ಬಣ್ಣ. ಪಶ್ಚಿಮಕ್ಕೆ ಹಾಥಾರ್ನ್. ಏಪ್ರಿಲ್‌ನಲ್ಲಿ ಒಂದು ಚಿಕ್ಕ ವ್ಯಾಗ್ನೆರಿಯಾನಸ್ ಪಾಮ್, ಎರಡು ಫ್ಯಾಟ್ಸಿಯಾ, ಒಂದು ಪಾಲೋನಿಯಾ. ಶೆಡ್ ಮುಂದೆ ಬಸ್ಜೂ. ಕೆಸು, ಡೇರೆ, ಕಾಬಾಳೆ ಕುಂಡದಲ್ಲಿ ಶುರು. ಟ್ರೀ ಫರ್ನ್ ಮೇಲೆ ಕಣ್ಣಿದೆ. ಶೆಡ್ ಹಿಂದಿನ ನೆರಳಿಗೆ ಆಗುತ್ತದಾ? ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ.

ಎಡಿನ್‌ಬರಾ ಭಟ್ಟ

ಶೆಡ್ ಹಿಂದೆ ಸರಿಯಾದ ಜಾಗ. ಡಿಕ್ಸೋನಿಯಾ ಅಂಟಾರ್ಕ್ಟಿಕಾ ಕೇಳಿ, ಟ್ಯಾಸ್ಮೇನಿಯಾ ಕಡೆಯದು. ಕಾಂಡದ ಉದ್ದಕ್ಕೆ ತಕ್ಕ ಬೆಲೆ, ಯಾಕೆಂದರೆ ವರ್ಷಕ್ಕೆ ಒಂದು ಅಂಗುಲ ಬೆಳೆದರೆ ಹೆಚ್ಚು. ಮೊದಲ ವರ್ಷ ಗಿಡ್ಡದ್ದೇ ತಗೊಳ್ಳಿ. ಆ ಕಾಂಡ ನೋಡಿದರೆ ಮರ, ಮುಟ್ಟಿದರೆ ಬರೀ ಬೇರಿನ ಜೊಂಡು. ಅದಕ್ಕೇ ಬುಡಕ್ಕಿಂತ ಕಾಂಡಕ್ಕೆ ಜಾಸ್ತಿ ನೀರು ಚಿಮುಕಿಸಬೇಕು, ಬೇಸಿಗೆಯಲ್ಲಿ ದಿನವೂ. ಡಿಸೆಂಬರಿನಲ್ಲಿ ತಲೆಯ ಗುಳಿಗೆ ಒಂದು ಹಿಡಿ ಒಣಹುಲ್ಲು ತುರುಕಿ, ಸೋಗೆಗಳನ್ನು ಮೇಲಕ್ಕೆ ಮಡಚಿ ಕಟ್ಟಿ. ಹೊಸ ಸುರುಳಿಗಳೆಲ್ಲ ಆ ಗುಳಿಯಲ್ಲೇ ಮಲಗಿರುತ್ತವೆ, ಅದು ಉಳಿದರೆ ಗಿಡ ಉಳಿಯಿತು.

ಸಸೆಕ್ಸ್ ಸದಾಶಿವ

ಯೋಜನೆಯಲ್ಲಿ ಒಂದೇ ತಿದ್ದುಪಡಿ. ಶೆಡ್ ಮುಂದೆ ಬಾಳೆ ಹಾಕಿದರೆ ಬಾಗಿಲು ತೆರೆಯುವಷ್ಟು ಜಾಗ ಅಳೆದು ಬಿಡಿ. ಕಂದುಗಳು ಬಂದು ಬಾಳೆ ಗುಂಪಾಗುತ್ತದೆ. ಡೇರೆ ಗೆಡ್ಡೆ ಇಡೋಕೂ, ಒಣಹುಲ್ಲು ತೆಗೆದಿಡೋಕೂ ಆ ಶೆಡ್ಡೇ ಬೇಕು. ಕುಂಡದ ಗಿಡಗಳನ್ನು ಮೇ ಕೊನೆಯವರೆಗೆ ಹೊರಗೆ ಬಿಡಬೇಡಿ. ಮೇ ಮಧ್ಯದಲ್ಲಿ ಒಂದು ವಾರ ಬಿಸಿಲು ಬಂದು ನಿಮ್ಮ ಮನಸ್ಸು ಕೆಡಿಸುತ್ತದೆ, ಗಾರ್ಡನ್ ಸೆಂಟರಿನವರೂ ಎಲ್ಲ ಹೊರಗೆ ಜೋಡಿಸಿರುತ್ತಾರೆ. ಹಗಲು ಹೊರಗೆ, ರಾತ್ರಿ ಒಳಗೆ ಅಂತ ಹತ್ತು ದಿನ ಮಾಡಿ, ಆಮೇಲೆ ನೆಲಕ್ಕೆ ಇಳಿಸಿ.